ಭಾವನ ಗೇಟಿನ ಎರಡು ಗಿಡ

ನಮ್ಮ ಭಾವನ ಮನೆಗೆ ಹೋದವರು ಯಾರೂ ಗಾಯವಿಲ್ಲದೆ ವಾಪಸು ಬಂದದ್ದನ್ನು ನಾನು ಕಂಡಿಲ್ಲ. ಹಾಗೆಂದು ಭಾವ ಹೊಡೆಯುವವರಲ್ಲ, ಬೈಯುವವರೂ ಅಲ್ಲ. ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡುವ, ಸಂಜೆಯಾದರೂ ಅಂಗಿಯ ಇಸ್ತ್ರಿ ಕೆಡದ, ಉಡುಪಿಯ ಸಾಧು ಮನುಷ್ಯ. ಗಾಯ ಮಾಡುತ್ತಿದ್ದದ್ದು ಅವರ ಗೇಟಿನ ಎರಡು ಬದಿಗೆ ನಿಂತಿದ್ದ ಎರಡು ಗಿಡಗಳು. ಎಡಗಡೆಯದು ತೊಡೆಗೆ ಚುಚ್ಚುತ್ತಿತ್ತು. ಬಲಗಡೆಯದು ಸ್ವಲ್ಪ ಎತ್ತರದ್ದು, ನೇರ ಕಿವಿಗೇ ಬರುತ್ತಿತ್ತು.

ಮೊದಲ ಸಲ ನನಗೆ ಚುಚ್ಚಿದ ದಿನ ಕುಂಟಿಕೊಂಡು ಒಳಗೆ ಹೋದೆ. ನನ್ನ ಪ್ಯಾಂಟಿನ ಮೇಲಿನ ರಕ್ತದ ಚುಕ್ಕೆ ನೋಡಿ ಭಾವನ ಮುಖ ಅರಳಿತು.

"ಎಡಗಡೆಯದ್ದಾ, ಬಲಗಡೆಯದ್ದಾ?"

"ಎಡಗಡೆಯದ್ದು."

"ಅದನ್ನೇ ನಾನು ಹೇಳುವುದು. ಅಗೇವ್‌ಗೆ ಎಲೆಯ ತುದಿಯಲ್ಲೂ ಮುಳ್ಳುಂಟು, ಅಂಚಿನಲ್ಲೂ ಉಂಟು. ಯುಕ್ಕಾಕ್ಕೆ ತುದಿಯಲ್ಲಿ ಮಾತ್ರ. ತಡಿ, ಬಂದೆ."

ಡಾಕ್ಟರು ಒಳಗೆ ಹೋದರಲ್ಲ, ಹತ್ತಿಯೋ ಅಯೋಡಿನ್ನೋ ತರುತ್ತಾರೆ ಎಂದುಕೊಂಡೆ. ತಂದದ್ದು ಒಂದು ಉದ್ದನೆಯ ನೋಟ್‌ಬುಕ್ಕು. ಪುಟದ ನಡುವೆ ಗೆರೆ, ಎಡಕ್ಕೆ ಅಗೇವ್, ಬಲಕ್ಕೆ ಯುಕ್ಕಾ. ಎಡಗಡೆಯ ಸಾಲಿನಲ್ಲಿ ನನ್ನ ಹೆಸರು, ಮುಂದೆ "ಎಡತೊಡೆ, ಹೊರಭಾಗ" ಎಂದು ಬರೆದುಕೊಂಡರು. ನನ್ನ ಹೆಸರಿನ ಮೇಲಿನ ಸಾಲುಗಳಲ್ಲಿ ಪೋಸ್ಟ್‌ಮ್ಯಾನ್ ಇದ್ದ, ಗ್ಯಾಸಿನವನಿದ್ದ. ಅಕ್ಕನ ಹೆಸರು ಏಳು ಸಲ ಇತ್ತು.

ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಭಾವ, ಅಕ್ಕ, ಅವರ ಮಗಳು ಮಲೇಶಿಯಾದ ನಿಲಾಯ್ ಎಂಬ ಊರಿನಲ್ಲಿದ್ದರು. ಭಾವನ ಮಾತು ನಂಬಿಕೊಂಡೇ ನಾನೂ ಆ ದೇಶಕ್ಕೆ ಬಂದು, ಕ್ಲಾಂಗ್ ಬಂದರಿನ ಒಂದು ಆಫೀಸಿನಲ್ಲಿ ಕಂಟೈನರುಗಳ ಕಾಗದಪತ್ರ ಬರೆಯುತ್ತಿದ್ದೆ. ನಾನು, ನನ್ನ ಹೆಂಡತಿ ಪುಚೊಂಗ್‌ನಲ್ಲಿ ಬಾಡಿಗೆಗಿದ್ದೆವು. ಭಾನುವಾರ ಬಂತೆಂದರೆ ನಿಲಾಯ್‌ಗೆ ಹೋಗಿ ಅಕ್ಕನ ಕೈಯ ಕಾಯಿಹುಳಿ ಉಣ್ಣುವುದು, ಗೇಟಿನಲ್ಲಿ ಚುಚ್ಚಿಸಿಕೊಳ್ಳುವುದು, ಇಷ್ಟು ನಮ್ಮ ವಾರದ ಸುಖ.

ಆ ಗಿಡಗಳು ಬಂದದ್ದು ಹೇಗೆಂದು ಕೇಳಿದರೆ ನೀವು ನಂಬುವುದಿಲ್ಲ. ಅಕ್ಕ ಹಿತ್ತಲಿಗೆ ಎರಡು ಅನಾನಸು ಗಿಡ ತರಲು ಹೇಳಿದ್ದಳು. ರಸ್ತೆ ಬದಿಯ ಒಂದು ನರ್ಸರಿ ಮುಚ್ಚುವುದರಲ್ಲಿತ್ತು. ಭಾವ ಅಲ್ಲಿಗೆ ಹೋಗಿ ಕತ್ತಿಯಂಥ ಎಲೆ ಸುತ್ತಲೂ ಹರಡಿದ್ದನ್ನು ನೋಡಿ, ಇದೇ ಎಂದು ತೀರ್ಮಾನಿಸಿದರು. ಒಂದು ಗಿಡವಂತೂ ಅರ್ಧಕ್ಕೆ ಕತ್ತರಿಸಿದ ಎಣ್ಣೆಡ್ರಮ್ಮಿನ ತುಂಬ ಕೂತಿತ್ತು. ಇಷ್ಟು ದೊಡ್ಡ ಗಿಡವಾದರೆ ಹಣ್ಣು ಎಷ್ಟು ದೊಡ್ಡದಿರಬಹುದು ಎಂದು ಲೆಕ್ಕ ಹಾಕಿ, ಲಾರಿ ಮಾಡಿಸಿ ತಂದರು. ಮನುಷ್ಯನ ಮೈಯಲ್ಲಿರುವ ಒಂದೊಂದು ಎಲುಬನ್ನೂ ಕಣ್ಣು ಮುಚ್ಚಿ ಮುಟ್ಟಿ ಹೆಸರು ಹೇಳುವ ಮನುಷ್ಯನಿಗೆ ಅನಾನಸಿನ ಗುರುತು ಇರಲಿಲ್ಲ!

ಅಕ್ಕ ನಕ್ಕಳು. ಅವಳು ನಗದಿದ್ದರೆ ಆ ಗಿಡಗಳು ಮಾರನೆಯ ದಿನವೇ ಕಸದ ಲಾರಿ ಹತ್ತುತ್ತಿದ್ದವೇನೋ. ನಕ್ಕಳೆಂಬ ಹಟಕ್ಕೆ ಭಾವ ಕಾಲೇಜಿನ ಲೈಬ್ರರಿಗೆ ಹೋಗಿ ಪುಸ್ತಕ ತೆಗೆದರು. ಎರಡೂ ಉತ್ತರ ಅಮೆರಿಕದವು. ಒಂದು ಮೆಕ್ಸಿಕೋ ಕಡೆಯ ಬೆಂಗಾಡಿನದು, ಇನ್ನೊಂದು ಅಮೆರಿಕದ ದಕ್ಷಿಣದ ಕರಾವಳಿಯ ಮರಳಿನದು. ನೋಡಲು ದಾಯಾದಿಗಳ ಹಾಗೆ, ಗುಣ ಬೇರೆ ಬೇರೆ. ಅಂದಿನಿಂದ ಭಾವ ಅವೆರಡನ್ನು ಹೋಲಿಸುವುದೇ ಬದುಕು ಎಂಬಂತಾದರು.

ನನ್ನ ಹೆಂಡತಿ ಚಿತ್ರದುರ್ಗದ ಕಡೆಯವಳು. ಮೊದಲ ಸಲ ಅವಳನ್ನು ಕರೆದುಕೊಂಡು ಹೋದಾಗ ಭಾವ ಗೇಟಿನಲ್ಲೇ ತಡೆದು, ಅರ್ಧ ಗಂಟೆ ಅಗೇವ್‌ನ ವಂಶ, ಸ್ವಭಾವ, ಶೀಲ ಎಲ್ಲ ವಿವರಿಸಿದರು. ಅವಳು ಮರ್ಯಾದೆಯಿಂದ ಪೂರ್ತಿ ಕೇಳಿಸಿಕೊಂಡು ಹೇಳಿದಳು: "ಅಣ್ಣ, ಇದು ಕತ್ತಾಳೆ. ನಮ್ಮೂರಲ್ಲಿ ಹೊಲಕ್ಕೆ ಎಮ್ಮೆ ನುಗ್ಗದಿರಲಿ ಅಂತ ಬೇಲಿಗೆ ಹಾಕ್ತಾರೆ."

ಭಾವ ಬಹಳ ಹೊತ್ತು ಅವಳನ್ನೇ ನೋಡಿದರು. ಮಗಳಿಗೆ ನೋಡಿಟ್ಟ ವರನನ್ನು ಯಾರೋ ಕಳ್ಳ ಎಂದಾಗ ಮಾವ ನೋಡುತ್ತಾನಲ್ಲ, ಹಾಗೆ. ಕೊನೆಗೆ, "ಎಮ್ಮೆ ಬರುವುದಿಲ್ಲವಾ ಮತ್ತೆ?" ಎಂದರು. "ಬರಲ್ಲ" ಎಂದಳು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, "ಉಪಯೋಗಗಳು" ಎಂಬ ತಲೆಬರಹದ ಕೆಳಗೆ.

ಆರೈಕೆಯ ವಿಷಯಕ್ಕೆ ಬಂದರೆ, ಕತ್ತಾಳೆಗೆ ನೀರೆಂದರೆ ಆಗದು. ಬುಡದಲ್ಲಿ ಎರಡು ದಿನ ನೀರು ನಿಂತರೆ ಬೇರು ಕೊಳೆಯುತ್ತದೆ. ಯುಕ್ಕಾ ಸ್ವಲ್ಪ ಹೊಂದಿಕೊಂಡು ಹೋಗುವ ಪೈಕಿ, ಮಳೆ ಬಂದರೆ ಬರಲಿ ಎನ್ನುತ್ತದೆ. ಆದರೆ ಮಲೇಶಿಯಾದ ಮಳೆ ಬರುವುದು ಹೇಗೆ? ಮಧ್ಯಾಹ್ನ ಮೂರರವರೆಗೆ ಸುಡುವ ಬಿಸಿಲು, ನಾಲ್ಕಕ್ಕೆ ಯಾರೋ ಮೇಲಿಂದ ಕೊಳಗ ಮಗುಚಿದ ಹಾಗೆ. ಭಾವ ಡ್ರಮ್ಮಿಗೆ ತೂತು ಹೊಡೆಸಿದರು, ಮಣ್ಣು ತೆಗೆದು ಜಲ್ಲಿ ಮರಳು ತುಂಬಿದರು. ಅದೂ ಸಾಲದು ಅನ್ನಿಸಿತು. ಒಂದು ದಿನ ಕಾಲೇಜಿನಲ್ಲಿ ಪಾಠ ಮಾಡುತ್ತಿರುವಾಗ ಕಿಟಕಿಯಾಚೆ ಮೋಡ ಕವಿದದ್ದು ಕಾಣಿಸಿತಂತೆ. "ಹತ್ತು ನಿಮಿಷ, ತೊಡೆಯೆಲುಬನ್ನು ನೀವೇ ನೋಡಿಕೊಳ್ಳಿ" ಎಂದು ವಿದ್ಯಾರ್ಥಿಗಳಿಗೆ ಹೇಳಿ ಕಾರು ಹತ್ತಿ ಮನೆಗೆ ಬಂದರು. ಅಕ್ಕ ಕೆಲಸ ಮುಗಿಸಿ ಬಂದು ನೋಡಿದರೆ, ತನ್ನ ಗಂಡ ಟೈ ಕಟ್ಟಿಕೊಂಡು, ಸುರಿಯುವ ಮಳೆಯಲ್ಲಿ ತಾವು ನೆನೆಯುತ್ತಾ, ಗಿಡಕ್ಕೆ ಕೊಡೆ ಹಿಡಿದು ನಿಂತಿದ್ದಾರೆ.

"ಮದುವೆಯಾಗಿ ಹದಿನೆಂಟು ವರ್ಷ ಆಯ್ತು. ನನಗೆ ಒಂದು ಸಲ ಹಿಡಿದಿಲ್ಲ," ಎಂದಳು ಅಕ್ಕ ನನ್ನ ಬಳಿ.

"ನೀನು ಕೊಳೆಯುವುದಿಲ್ಲ ಮಾರಾಯ್ತಿ," ಎಂದರು ಭಾವ ಒಳಗಿನಿಂದ.

ಉಪಯೋಗದಲ್ಲಿ ಯುಕ್ಕಾದ್ದೇ ಮೇಲುಗೈ ಎಂದು ಅವರಿಗೆ ಮೊದಮೊದಲು ಅನ್ನಿಸಿತ್ತು. ಅದು ಬಿಳಿ ಗಂಟೆಯಂಥ ಹೂವಿನ ಗೊನೆ ಬಿಟ್ಟಾಗ, ಹೂವನ್ನು ತಿನ್ನಬಹುದೆಂದು ಪುಸ್ತಕದಲ್ಲಿತ್ತು. ಒಳಗಿನ ಕೇಸರ ಕಿತ್ತು ಎಸಳಷ್ಟನ್ನೇ ಕಡಲೆಹಿಟ್ಟಿನಲ್ಲಿ ಅದ್ದಿ ಅಕ್ಕನಿಂದ ಬಜ್ಜಿಯಂಥ ಪೋಡಿ ಕರಿಸಿದರು. ಕಾಲೇಜಿನ ಇಬ್ಬರು ಸಹೋದ್ಯೋಗಿಗಳನ್ನು ಚಹಾಕ್ಕೆ ಕರೆದು, ಅವರು ಆರಾರು ತಿಂದು ಬೆರಳು ನೆಕ್ಕಿಕೊಂಡ ಮೇಲೆ ಗೇಟಿನ ಬಳಿ ಕರೆದೊಯ್ದು ತೋರಿಸಿದರು. ಆ ಇಬ್ಬರೂ ಆ ರಾತ್ರಿಯೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿ ಕ್ಷೇಮ ವಿಚಾರಿಸಿಕೊಂಡರಂತೆ.

ಆಮೇಲೆ ನೀರಿನ ಬರ ಬಂತು. ವಾರಗಟ್ಟಲೆ ನಲ್ಲಿಯಲ್ಲಿ ನೀರಿಲ್ಲ, ಲಾರಿ ಬಂದಾಗ ಬಕೆಟ್ ಹಿಡಿದು ಸಾಲು ನಿಲ್ಲಬೇಕು. ಓಣಿಯ ಆರ್ಕಿಡ್‌ಗಳೆಲ್ಲ ಬಾಡಿದವು, ಭಾವನ ಎರಡು ಗಿಡ ಮಾತ್ರ ಇನ್ನೂ ಚೂಪಾಗಿ ನಿಂತವು. ಯುಕ್ಕಾದ ಬೇರು ಜಜ್ಜಿದರೆ ಸಾಬೂನಿನ ಹಾಗೆ ನೊರೆ ಬರುತ್ತದೆ, ಅಮೆರಿಕದ ಮೂಲನಿವಾಸಿಗಳು ಅದರಲ್ಲೇ ತಲೆ ತೊಳೆಯುತ್ತಿದ್ದರು ಎಂದು ಓದಿದ್ದರು. ಒಂದು ಭಾನುವಾರ ಪಕ್ಕದ ಬೇರೊಂದನ್ನು ಅಗೆದು, ಅಕ್ಕನ ಕುಟ್ಟಾಣಿಯಲ್ಲಿ ಜಜ್ಜಿ, ಒಂದು ಚೊಂಬು ನೀರಿನಲ್ಲಿ ಕಲೆಸಿ ತಲೆಗೆ ತಿಕ್ಕಿದರು. ನೊರೆ ಎಂದರೆ ನೊರೆ. ತಲೆಯ ಮೇಲೆ ಒಂದು ಗೇಣು ಎದ್ದಿತು. ಭಾವ ಸಂಭ್ರಮದಿಂದ ನಮ್ಮನ್ನೆಲ್ಲ ಬಚ್ಚಲಿಗೆ ಕರೆದು ತೋರಿಸಿದರು. ಆಮೇಲೆ ತೊಳೆದುಕೊಳ್ಳಲು ನೋಡಿದರೆ ಮನೆಯಲ್ಲಿ ಕುಡಿಯುವ ನೀರು ಬಿಟ್ಟು ಇನ್ನೊಂದು ಹನಿ ಇಲ್ಲ.

ಅಷ್ಟರಲ್ಲಿ ನೀರಿನ ಲಾರಿ ಹಾರ್ನ್ ಹೊಡೆಯಿತು. ಪಂಚೆ, ಬನಿಯನ್ನು, ತಲೆಯ ಮೇಲೆ ಮೊಸರಿನ ಗಡಿಗೆ ಕವುಚಿದಂಥ ನೊರೆ, ಕೈಯಲ್ಲಿ ಎರಡು ಬಕೆಟ್ಟು. ಮೆಡಿಕಲ್ ಕಾಲೇಜಿನ ಪ್ರೊಫೆಸರು ಓಣಿಯ ನಡುವೆ ನಡೆದು ಬಂದಾಗ ಸಾಲಿನಲ್ಲಿದ್ದ ಜನ ಮಾತಿಲ್ಲದೆ ದಾರಿ ಬಿಟ್ಟರು. ಅವರ ಪಾಲಿನ ನೀರು ಎಲ್ಲರಿಗಿಂತ ಮೊದಲು ಸಿಕ್ಕಿತು. "ನೋಡು, ಎಷ್ಟು ಉಪಯೋಗದ ಗಿಡ," ಎಂದರು. ಕುಟ್ಟಾಣಿಯನ್ನು ಸರಿಯಾಗಿ ತೊಳೆದಿರಲಿಲ್ಲ. ಮಾರನೆಯ ದಿನದ ಸಾರು ಒಲೆಯ ಮೇಲೆ ನೊರೆನೊರೆಯಾಗಿ ಉಕ್ಕಿದ್ದನ್ನು ಕಂಡು ಅಕ್ಕ ದಂಗಾಗಿ ನಿಂತಳು.

ಯುಕ್ಕಾ ಇಷ್ಟೆಲ್ಲ ಮಾಡುವಾಗ ಕತ್ತಾಳೆ ಸುಮ್ಮನಿದ್ದರೆ ಹೇಗೆ ಎಂದು ಅದರ ನಾರು ತೆಗೆಯಲು ಹೊರಟರು. ನನ್ನ ಹೆಂಡತಿ ಎಚ್ಚರಿಸಿದಳು: "ಅಣ್ಣ, ಅದರ ರಸ ತಾಗಿದ್ರೆ ತುರಿಸುತ್ತೆ. ನಮ್ಮಲ್ಲಿ ನೀರಲ್ಲಿ ಕೊಳೆ ಹಾಕಿ ಆಮೇಲೆ ನಾರು ಬಿಡಿಸ್ತಾರೆ." ನೀರೆಲ್ಲಿದೆ? ಭಾವ ಒಂದು ಎಲೆ ಕೊಯ್ದು, ಊಟದ ಟೇಬಲ್ಲಿನ ಚಾಕುವಿನಿಂದ ಹಸಿಯಾಗಿಯೇ ಹೆರೆದರು. ನಾಲ್ಕು ಎಳೆ ನಾರು ಬಂತು, ಅದರ ಹಿಂದೆಯೇ ತುರಿಕೆ ಬಂತು. ಎರಡೂ ಕೈ ಮೊಣಕೈಯವರೆಗೆ ಕೆಂಪಾಗಿ ಬಾತುಕೊಂಡವು. ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿದ್ದ ಎಳೆ ಡಾಕ್ಟರ್ ಅವರದೇ ಶಿಷ್ಯೆ. ಗುರುಗಳ ಕೈ ನೋಡಿ ಕಕ್ಕಾಬಿಕ್ಕಿಯಾದಳು. ಆದರೂ ಗುರುಗಳೇ ಕಲಿಸಿದ ಕ್ರಮ ಬಿಡಲಿಲ್ಲ, ಪೆನ್ನು ತೆಗೆದು ಕೇಳಿದಳು: "ಸರ್, ಹಿಸ್ಟರಿ ಹೇಳಿ."

ಭಾವ ಹಿಸ್ಟರಿ ಹೇಳಿದರು. ಮೆಕ್ಸಿಕೋದಿಂದ ಶುರು ಮಾಡಿದರು. ಹೊರಗೆ ಆರು ಜನ ರೋಗಿಗಳು ಕಾಯುತ್ತಿದ್ದರು.

ಇಂಥ ಭಾವನಿಗೆ ನಿಜವಾದ ಆಘಾತ ಕೊಟ್ಟದ್ದೂ ಅದೇ ಕತ್ತಾಳೆ. ಒಂದು ಭಾನುವಾರ ಹೋದಾಗ ಅದರ ನಡುವಿನಿಂದ ಒನಕೆಯಷ್ಟು ದಪ್ಪದ ದಂಟೊಂದು ಎದ್ದಿತ್ತು. ಮುಂದಿನ ಭಾನುವಾರ ಅದು ಗೇಟನ್ನು ದಾಟಿತ್ತು. ಅದರ ಮುಂದಿನ ಭಾನುವಾರ ನನ್ನ ಸೊಸೆ, ಅಂದರೆ ಅಕ್ಕನ ಮಗಳು, ಮಹಡಿಯ ತನ್ನ ಕೋಣೆಯ ಕಿಟಕಿಯಿಂದ ಅದರ ತುದಿಯನ್ನು ಮುಟ್ಟುತ್ತಿದ್ದಳು. ಗಿಡವೊಂದು ಹೀಗೆ ಬೆಳೆಯುವುದನ್ನು ನಾನು ಕತೆಯಲ್ಲಿ ಮಾತ್ರ ಕೇಳಿದ್ದೆ. ಓಣಿಯವರೆಲ್ಲ ಬಂದು ಕತ್ತೆತ್ತಿ ನೋಡಿ ಹೋದರು. ಒಂದು ಬೆಳಿಗ್ಗೆ ಭಾವ ಬಾಗಿಲು ತೆಗೆದರೆ ಡ್ರಮ್ಮಿನ ಮುಂದೆ ಮೂರು ಊದುಬತ್ತಿ ಹೊಗೆಯಾಡುತ್ತಿವೆ, ತಟ್ಟೆಯಲ್ಲಿ ಎರಡು ಕಿತ್ತಳೆ. ಪಕ್ಕದ ಮನೆಯ ಚೀನೀ ಅಂಕಲ್ ಕೈ ಮುಗಿದು ನಿಂತಿದ್ದಾರೆ. ಲಾಟರಿಗೆ ಒಳ್ಳೆಯ ನಂಬರು ಕೊಡು ಎಂದು ಬೇಡಿಕೆ.

"ಅಂಕಲ್, ಇದು ದೇವರಲ್ಲ. ಇದು ಉತ್ತರ ಅಮೆರಿಕದ ಸಸ್ಯ," ಎಂದರು ಭಾವ.

"ಅಮೆರಿಕದ ದೇವರಾ?" ಎಂದರು ಅಂಕಲ್, ಇನ್ನಷ್ಟು ಬಗ್ಗಿ. "ಇನ್ನೂ ಒಳ್ಳೆಯದಾಯಿತು ಲಾ," ಎಂದು ಇಲ್ಲಿನವರ ಮಾತಿನ ಬಾಲವನ್ನೂ ಸೇರಿಸಿದರು.

ಇಂಗ್ಲಿಷಿನಲ್ಲಿ ಈ ಗಿಡಕ್ಕೆ ಶತಮಾನದ ಗಿಡ ಎಂಬರ್ಥದ ಹೆಸರುಂಟು. ನೂರು ವರ್ಷಕ್ಕೊಮ್ಮೆ ಹೂ ಬಿಡುವುದೆಂದು ನಂಬಿ, ಅಷ್ಟರವರೆಗೆ ತಾವಿರುವುದಿಲ್ಲ ಎಂದು ಭಾವ ಹೂವಿನ ಅಧ್ಯಾಯವನ್ನು ಓದಿಯೇ ಇರಲಿಲ್ಲ. ಹಳದಿ ಹೂವು ಕವಲು ಕವಲಾಗಿ ತಟ್ಟೆ ಹಿಡಿದಂತೆ ಅರಳಿದ ದಿನ ಆ ಪುಟ ತೆಗೆದರು. ಹತ್ತಿಪ್ಪತ್ತು ವರ್ಷ ಕೂಡಿಟ್ಟ ಸತ್ವವನ್ನೆಲ್ಲ ಆ ಒಂದು ದಂಟಿಗೆ ಸುರಿದು, ಒಂದೇ ಸಲ ಹೂಬಿಟ್ಟು, ಗಿಡ ಸಾಯುತ್ತದೆ ಎಂದು ಅಲ್ಲಿ ಬರೆದಿತ್ತು. ಭಾವ ಪುಸ್ತಕ ಮಡಚಿ ಮೆಟ್ಟಿಲ ಮೇಲೆ ಕೂತರು.

"ಯುಕ್ಕಾ ವರ್ಷ ವರ್ಷ ಹೂ ಬಿಡ್ತದೆ. ಅದಕ್ಕೆ ಎಂಥದೂ ಆಗುವುದಿಲ್ಲ. ಇದು ಒಂದೇ ಸಲ ಬಿಟ್ಟು ಸಾಯುವುದಾ? ಎಂಥ ನ್ಯಾಯ ಇದು?"

ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಇಟ್ಸ್ ಓನ್ಲಿ ಅ ಪ್ಲಾಂಟ್ ಲಾ, ಅಪ್ಪಾ," ಎಂದಳು. ಅಂದು ಊಟದಲ್ಲೂ ಭಾವ ಒಂದೂ ಹೋಲಿಕೆ ಹೇಳಲಿಲ್ಲ. ಅವರ ಬಾಯಿಂದ ಅಗೇವ್ ಎಂಬ ಶಬ್ದ ಕೇಳದೆ ನಾವು ನಾಲ್ವರೂ ಹೆದರಿದೆವು.

ಅದೇ ಹೊತ್ತಿಗೆ ನನ್ನ ಕೆಲಸ ಹೋಯಿತು. ದೇಶದಲ್ಲಿ ವ್ಯಾಪಾರ ಬಿದ್ದಿತ್ತು, ಬಂದರಿಗೆ ಬರುವ ಕಂಟೈನರು ಕಡಿಮೆಯಾಗಿದ್ದವು. ಒಂದು ಶುಕ್ರವಾರ ಮಧ್ಯಾಹ್ನ ನಮ್ಮ ವಿಭಾಗದ ಎಂಟು ಜನರನ್ನು ಒಳಗೆ ಕರೆದು, ಸೋಮವಾರದಿಂದ ಬರುವುದು ಬೇಡ ಎಂದರು. ನಾನು ಮನೆಗೆ ಹೋಗಿ ಹೆಂಡತಿಗೆ ಹೇಳಬೇಕಿತ್ತು. ಅವಳು ಬಾಗಿಲು ತೆಗೆದು "ಯಾಕೆ ಬೇಗ ಬಂದ್ರಿ?" ಎಂದಾಗ "ತಲೆನೋವು" ಎಂದುಬಿಟ್ಟೆ. ಒಮ್ಮೆ ಹಾಗೆಂದ ಮೇಲೆ ಹಿಂದೆ ಬರುವ ದಾರಿ ಗೊತ್ತಾಗಲಿಲ್ಲ. ಸೋಮವಾರ ಎಂದಿನಂತೆ ಏಳಕ್ಕೆ ಬ್ಯಾಗು ಹಿಡಿದು ಹೊರಟೆ. ಮಾಮಾಕ್ ಎನ್ನುವ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ಒಂದು ಚಹಾ ಮುಂದಿಟ್ಟುಕೊಂಡು ಕೂತೆ, ಬಸ್ಸಿನಲ್ಲಿ ಕೂತೆ, ಪೇಪರಿನಲ್ಲಿ ಕಂಡ ಆಫೀಸುಗಳ ಬಾಗಿಲು ತಟ್ಟಿದೆ. ಹೀಗೆ ಒಂದು ವಾರ ಕಳೆಯಿತು. ಎರಡನೆಯ ವಾರದ ಮಂಗಳವಾರ ರೈಲು ಹತ್ತಿದವನು ಎಲ್ಲಿಗೆಂದು ಯೋಚಿಸದೆ ನಿಲಾಯ್‌ನಲ್ಲಿ ಇಳಿದೆ.

ಅಕ್ಕ ಒಂದು ಶಿಶುವಿಹಾರದಲ್ಲಿ ಟೀಚರು, ಬೆಳಿಗ್ಗೆ ಮನೆಯಲ್ಲಿರುವುದಿಲ್ಲ. ಯಾರೂ ಇರಲಿಕ್ಕಿಲ್ಲ, ಮೆಟ್ಟಿಲ ಮೇಲೆ ಕೂತು ಎದ್ದು ಹೋಗೋಣ ಎಂದು ಹೋದರೆ ಭಾವ ಗೇಟಿನ ಒಳಗೆ ಗರಗಸ ಹಿಡಿದು ನಿಂತಿದ್ದರು. ಆ ದಿನ ಅವರಿಗೆ ಬೆಳಗಿನ ಪಾಠ ಇರಲಿಲ್ಲ. ಕತ್ತಾಳೆಯ ಎಲೆಗಳು ಬೂದಿಬಣ್ಣಕ್ಕೆ ತಿರುಗಿ ನೆಲಕ್ಕೆ ಒರಗಿದ್ದವು. ಹತ್ತು ಗಂಟೆಗೆ, ಟೈ ಕಟ್ಟಿಕೊಂಡು, ಆಫೀಸಿನ ಬ್ಯಾಗು ಹಿಡಿದು ನಿಂತ ನನ್ನನ್ನು ಅವರು ಮೇಲಿಂದ ಕೆಳಗೆ ನೋಡಿದರು. ಏನು ಸುಳ್ಳು ಹೇಳುವುದೆಂದು ನಾನು ಯೋಚಿಸುತ್ತಿದ್ದೆ.

"ತಿಂಡಿ ಆಯ್ತಾ?"

"ಆಯ್ತು."

"ಹಾಗಾದರೆ ಟೈ ಬಿಚ್ಚಿ ಒಳಗಿಟ್ಟು ಬಾ. ಈ ದಂಟು ಇಳಿಸಬೇಕು. ಒಬ್ಬನಿಂದ ಆಗುವುದಿಲ್ಲ."

ಅಷ್ಟೇ ಕೇಳಿದ್ದು. ಇಬ್ಬರೂ ಸೇರಿ ಕೊಯ್ದೆವು. ದಂಟು ನಾವೆಣಿಸಿದ ಕಡೆಗೆ ಬೀಳದೆ ಪಕ್ಕದ ಅಂಕಲ್‌ನ ಅಂಗಳಕ್ಕೆ ಬಿತ್ತು. ಅವರು ಪ್ರಸಾದ ಬಂತೆಂದು ಒಂದು ತುಂಡು ಒಳಗೊಯ್ದರು. ಮಧ್ಯಾಹ್ನ ಭಾವ ಹೋಗಿ ಅನ್ನ ಮೀನುಸಾರು ತಪಾವ್ ಮಾಡಿಸಿ, ಅಂದರೆ ಪೊಟ್ಟಣ ಕಟ್ಟಿಸಿ, ತಂದರು. ತಾವು ಮೀನು ಮುಟ್ಟುವವರಲ್ಲ, ನನಗೆಂದೇ ತಂದದ್ದು. ಹೊರಡುವಾಗ, "ನಾಳೆಯೂ ಬಾ. ಕೆಲಸ ಉಂಟು," ಎಂದರು. ಎಷ್ಟು ದಿನ ಎನ್ನಲಿಲ್ಲ, ಆಫೀಸು ಏನಾಯಿತು ಎನ್ನಲಿಲ್ಲ.

ಮೂರು ವಾರ ಹೋದೆ. ಬೆಳಿಗ್ಗೆ ಆಫೀಸುಗಳಿಗೆ ಅರ್ಜಿ ಬರೆಯುವುದು, ಆಮೇಲೆ ಮಣ್ಣಿನ ಕೆಲಸ. ಬೀಗದ ಕೈ ನನಗೇ ಕೊಟ್ಟಿದ್ದರು. ಸತ್ತ ಕತ್ತಾಳೆಯ ಬುಡದಲ್ಲಿ ಹನ್ನೊಂದು ಮರಿಗಳಿದ್ದವು. ಅವನ್ನು ಬಿಡಿಸಿ, ಗಾಯ ಒಣಗಲು ಎರಡು ದಿನ ನೆರಳಲ್ಲಿಟ್ಟು ನೆಟ್ಟೆವು. ಯುಕ್ಕಾಕ್ಕೆ ಮರಿಯೇ ಬೇಕೆಂದಿಲ್ಲ, ಕಾಂಡ ತುಂಡು ಮಾಡಿ ಚುಚ್ಚಿದರೂ ಚಿಗುರುತ್ತದೆ. ಅದನ್ನೂ ಮಾಡಿದೆವು. ಒಂದು ಮಂಗಳವಾರ ಡ್ರಮ್ಮಿನ ಜಲ್ಲಿಯನ್ನೆಲ್ಲ ತೊಳೆಯಿಸಿದರು. ಗುರುವಾರ ಅದೇ ಜಲ್ಲಿಯನ್ನು ಮತ್ತೆ ತೊಳೆಯಿಸಿದರು. ಆಗ ನನಗೆ ಹೊಳೆಯಿತು. ಅವರ ಬಳಿ ಕೆಲಸ ಮುಗಿದು ಬಹಳ ದಿನವಾಗಿತ್ತು.

ನಾಲ್ಕನೆಯ ವಾರ ಒಂದು ಸಂಜೆ, "ನಡಿ, ನಿನ್ನನ್ನು ಬಿಟ್ಟು ಬರ್ತೇನೆ," ಎಂದು ಕಾರು ತೆಗೆದರು. ಪುಚೊಂಗ್‌ನ ನಮ್ಮ ಮನೆಯೊಳಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ನನ್ನ ಹೆಂಡತಿಗೆ ಹೇಳಿದರು: "ನೋಡು, ಇವನ ಕೆಲಸ ಹೋಗಿ ಒಂದು ತಿಂಗಳಾಯ್ತು. ಇವನಿಗೆ ಹೇಳಲಿಕ್ಕೆ ಬಾಯಿ ಬರುವುದಿಲ್ಲ. ಅದಕ್ಕೆ ನಾನು ಹೇಳುವುದು."

ಅವಳು ಕಾಫಿಯ ಲೋಟ ಅವರ ಮುಂದಿಟ್ಟಳು.

"ಗೊತ್ತು ಅಣ್ಣ. ಕಂಟೈನರ್ ಕಾಗದ ಬರೆಯೋರ ಉಗುರಲ್ಲಿ ಮಣ್ಣು ಯಾಕಿರುತ್ತೆ? ಅವರಾಗಿ ಹೇಳಲಿ ಅಂತ ಕಾಯ್ತಿದ್ದೆ." ನನ್ನ ಕಡೆ ತಿರುಗಿ, "ಕೈ ತೊಳ್ಕೊಂಡು ಬನ್ನಿ, ಊಟ ಮಾಡೋಣ," ಎಂದಳು.

ಎರಡು ತಿಂಗಳ ಮೇಲೆ ಬಂದರಿನಲ್ಲೇ ಇನ್ನೊಂದು ಸಣ್ಣ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅದು ದೊಡ್ಡ ಕತೆಯಲ್ಲ. ನನಗೆ ಮರೆಯದೆ ಉಳಿದದ್ದು ಆ ಸಂಜೆ ಊಟವಾದ ಮೇಲೆ ಭಾವನನ್ನು ಕಳಿಸಲು ಕೆಳಗಿಳಿದದ್ದು. ಅವರು ಕಾರಿನಲ್ಲಿ ಕೂತರು, ಕೀ ಹಾಕಿದರು, ತಿರುಗಿಸಲಿಲ್ಲ.

"ಈ ದೇಶಕ್ಕೆ ಬಂದ ಹೊಸತರಲ್ಲಿ ನನಗೆ ನಾಲ್ಕು ತಿಂಗಳು ಕೆಲಸ ಇರಲಿಲ್ಲ, ಗೊತ್ತುಂಟಾ?" ಎಂದರು, ಎದುರಿನ ಗಾಜನ್ನೇ ನೋಡುತ್ತಾ. "ಕರೆದ ಕಾಲೇಜು ಇನ್ನೂ ಶುರುವೇ ಆಗಿರಲಿಲ್ಲ. ನಿನ್ನ ಅಕ್ಕ ಊರಲ್ಲಿದ್ದಳು. ಪಾಠ ಚೆನ್ನಾಗಿ ನಡೀತಾ ಉಂಟು ಅಂತ ವಾರ ವಾರ ಕಾಗದ ಬರೀತಿದ್ದೆ. ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ರೈಲ್ವೆ ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕೂತುಕೊಳ್ತಿದ್ದೆ. ಸಂಜೆ ಎದ್ದು ಬರ್ತಿದ್ದೆ."

"ಯಾರಿಗೂ ಹೇಳಲಿಲ್ವಾ?"

"ಯಾರೂ ಕೇಳಲಿಲ್ಲ."

ಅಕ್ಕನಿಗೆ ಹೇಳಬೇಡ ಎಂದರು, ಇಲ್ಲ ಎಂದೆ. ಕಾರು ಶುರುವಾಯಿತು. ನಾನು ನಾಳೆ ಬರುವ ಅಗತ್ಯವಿದೆಯೋ ಇಲ್ಲವೋ ತಿಳಿಯದೆ ಕಿಟಕಿ ಹಿಡಿದು ನಿಂತಿದ್ದೆ. ಭಾವ ನನ್ನ ಕೈಯ ಮೇಲೆ ಕೈಯಿಟ್ಟರು.

"ನಾಳೆಯೂ ಬಾ," ಎಂದರು. "ಕೆಲಸ ಎಂಥದೂ ಇಲ್ಲ. ಸುಮ್ಮನೆ ಬಾ."